ಗೇಲಿಕ್ ಸ್ಥಳನಾಮಗಳ ಅರ್ಥ, ಕಾಗುಣಿತಗಳನ್ನು ದಾಖಲಿಸುವ ಬಗೆ

ಸ್ಕಾಟ್ಲೆಂಡಿನ ಗೇಲಿಕ್ ಸ್ಥಳನಾಮಗಳನ್ನು ದಾಖಲಿಸಲು ಹೊರಟವರು ನಕ್ಷೆಯಲ್ಲಿ ಅಚ್ಚಾಗಿರುವ ಇಂಗ್ಲಿಷ್ ರೂಪವನ್ನೇ ಒಡೆದು ಅರ್ಥ ಹೇಳುವ ಆಸೆಯನ್ನು ಮೊದಲು ಬಿಡಬೇಕು. ನಕ್ಷೆಯ ಫೋರ್ಟ್ ವಿಲಿಯಂ ಪಟ್ಟಣ ಗೇಲಿಕ್ ಮಾತಿನಲ್ಲಿ ‘ಅನ್ ಗೆರಸ್ತನ್’, ಅಂದರೆ ದಂಡಿನ ಠಾಣೆ; ಅಲ್ಲಿ ವಿಲಿಯಂನ ಸುಳಿವೇ ಇಲ್ಲ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಉಚ್ಚಾರಣೆ, ಬಳಿಕ ಹಳೆಯ ರೂಪಗಳು, ಆಮೇಲೆ ಇಂದಿನ ಕಾಗುಣಿತ, ಕೊನೆಗೆ ಅರ್ಥ.

ಆ ಸೀಮೆಯಲ್ಲೇ ಬೆಳೆದ ಗೇಲಿಕ್ ಭಾಷಿಕರಿಂದ ಹೆಸರನ್ನು ಒಂದು ವಾಕ್ಯದೊಳಗೆ ಹೇಳಿಸಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುವುದು ಮುಖ್ಯ, ಏಕೆಂದರೆ ಇಂತಹ ಹೆಸರುಗಳಲ್ಲಿ ಒತ್ತು ಸಾಮಾನ್ಯವಾಗಿ ವಿಶೇಷಣದ, ಅಂದರೆ ಯಾವ ಜಾಗವೆಂದು ಬೇರ್ಪಡಿಸಿ ಹೇಳುವ, ಭಾಗಕ್ಕೆ ಸಲ್ಲುತ್ತದೆ. ಇನ್ವರ್ನೆಸ್ ಎಂಬಲ್ಲಿ ‘ಇನ್ವರ್’ ಎಂದರೆ ನದೀಮುಖ; ಒತ್ತು ಬೀಳುವುದು ನದಿಯ ಹೆಸರಾದ ‘ನೆಸ್’ ಮೇಲೆ. ಹೆಸರನ್ನು ಎಲ್ಲಿ ಬಿಡಿಸಬೇಕೆಂಬುದನ್ನು ಎಷ್ಟೋ ಸಲ ಈ ಒತ್ತೇ ತೋರಿಸಿಕೊಡುತ್ತದೆ.

ಹಳೆಯ ರೂಪಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೇಯ ಸಿಬ್ಬಂದಿ ಬರೆದಿಟ್ಟ ನೇಮ್ ಬುಕ್‌ಗಳನ್ನು, ಅಂದರೆ ಹೆಸರುಗಳ ದಾಖಲೆ ಪುಸ್ತಕಗಳನ್ನು, ನೋಡಬೇಕು. ಒಂದೇ ಹೆಸರಿನ ಬೇರೆ ಬೇರೆ ಬರವಣಿಗೆ, ಅದನ್ನು ಹೇಳಿದವರು ಯಾರು, ಜಾಗ ಎಂಥದು ಎಂಬುದೆಲ್ಲ ಅವುಗಳಲ್ಲಿ ಅಂಕಣವಾರು ಸಿಗುತ್ತದೆ. ಸಿಕ್ಕ ರೂಪವನ್ನು ತಿದ್ದದೆ, ಇದ್ದದ್ದನ್ನು ಇದ್ದಂತೆಯೇ, ವರ್ಷದೊಂದಿಗೆ ನಕಲು ಮಾಡಿಕೊಳ್ಳಿ. ಹೆಸರುಗಳು ಮರುಕಳಿಸುವುದರಿಂದ ನಕ್ಷೆಯಲ್ಲಿ ಜಾಗವನ್ನು ಗುರುತಿಸುವ ಗ್ರಿಡ್ ಸಂಖ್ಯೆಯೂ ಜೊತೆಗಿರಲಿ. ಬೆನ್ ಮೋರ್ ಎಂಬ ಬೆಟ್ಟಗಳು ಒಂದಕ್ಕಿಂತ ಹೆಚ್ಚಿವೆ.

ಕಾಗುಣಿತದ ಹಂತದಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ಮಲ್ ದ್ವೀಪದ ಬೆನ್ ಮೋರ್ ಬೆಟ್ಟವನ್ನೇ ತೆಗೆದುಕೊಳ್ಳಿ. ಗೇಲಿಕ್‌ನಲ್ಲಿ ಬೆಟ್ಟವೆಂಬ ಪದ ಸ್ತ್ರೀಲಿಂಗವಾದುದರಿಂದ ಅದರ ನಂತರ ಬರುವ, ‘ದೊಡ್ಡ’ ಎಂಬ ಅರ್ಥದ ‘ಮೋರ್’ ಮೃದುವಾಗಿ ‘ವೋರ್’ ಆಗುತ್ತದೆ, ಬರವಣಿಗೆಯಲ್ಲಿ ಎಂ ಅಕ್ಷರದ ಬೆನ್ನಿಗೆ ಎಚ್ ಸೇರುತ್ತದೆ. ನಕ್ಷೆಯ ರೂಪ ಆ ಎಚ್ ಅನ್ನು ನುಂಗಿಹಾಕಿದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಧ್ವನಿ ಉಳಿಯುತ್ತದೆ, ಈ ಎಚ್ ಉಳಿಯುವುದಿಲ್ಲ. ಹಾಗಾಗಿ ಮೂಲದ ರೋಮನ್ ಅಕ್ಷರಗಳಿಗೆ ಪ್ರತ್ಯೇಕ ಅಂಕಣ ಬೇಕೇ ಬೇಕು. ದೀರ್ಘಸ್ವರದ ಅಕ್ಷರದ ಮೇಲೆ ಹಾಕುವ ಗೆರೆಯನ್ನೂ ಬಿಡುವಂತಿಲ್ಲ. ಹಳೆಯ ಮುದ್ರಣಗಳಲ್ಲಿ ಎಡಕ್ಕೂ ಬಲಕ್ಕೂ ಬಾಗಿದ ಎರಡು ಬಗೆಯ ಗೆರೆಗಳಿದ್ದವು. 1981ರ ಬರವಣಿಗೆಯ ನಿಯಮಗಳು ಒಂದನ್ನು ಮಾತ್ರ ಉಳಿಸಿಕೊಂಡವು. ಇಂದಿನ ಪ್ರಮಾಣರೂಪಕ್ಕೆ ‘ಐನ್ಮೆನ್ ಆಚ ನ ಹಲಪ’ ಎಂಬ ರಾಷ್ಟ್ರೀಯ ಸಲಹಾ ಸಂಸ್ಥೆಯ ದತ್ತಾಂಶವನ್ನು ಹೋಲಿಸಿ ನೋಡಬಹುದು.

ಅರ್ಥ ಹುಡುಕುವಾಗ ಎಲ್ಲವೂ ಗೇಲಿಕ್ ಮೂಲದ್ದೆಂದು ನಂಬಬಾರದು. ಲೂಯಿಸ್ ದ್ವೀಪದ ಲಾಕ್ಸ್‌ಡೇಲ್ ಎಂದರೆ ಸಾಲ್ಮನ್ ಮೀನಿನ ಕಣಿವೆ. ಆದರೆ ಆ ಮಾತು ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ನಾರ್ಸ್‌ನದು, ಗೇಲಿಕ್ ನಿಘಂಟಿನಲ್ಲಿ ಹುಡುಕಿದರೆ ಸಿಗದು. ಪಿಟ್ಲಾಕ್ರಿ ಎಂಬ ಊರಿನ ಹೆಸರಿನ ‘ಪಿಟ್’ ಸ್ಕಾಟ್ಲೆಂಡಿನ ಪ್ರಾಚೀನ ಜನರಾದ ಪಿಕ್ಟರ ಕಾಲದ್ದು, ನೆಲದ ಪಾಲು ಎಂಬ ಅರ್ಥದ್ದು. ಗೇಲಿಕ್ ಭಾಷಿಕರು ಅದರ ಜಾಗದಲ್ಲಿ, ಊರು ಎಂಬ ಅರ್ಥದ ‘ಬಲ’ ಎಂಬ ತಮ್ಮ ಪದವನ್ನೇ ಇಟ್ಟುಕೊಂಡಿದ್ದಾರೆ. ಊಹಿಸಿದ ಅರ್ಥ ನೆಲದ ಲಕ್ಷಣಕ್ಕೆ ಹೊಂದುತ್ತದೆಯೇ ಎಂದು ಸ್ಥಳದಲ್ಲಿ ನಿಂತು ನೋಡಿ. ಡ್ರಮ್ನಡ್ರಾಕಿಟ್ ಎಂಬ ಊರಿನ ಹೆಸರು ‘ಸೇತುವೆಯ ದಿಬ್ಬ’ ಎಂದಾದರೆ ಸೇತುವೆಯನ್ನೂ ದಿಬ್ಬವನ್ನೂ ಹುಡುಕಬೇಕಾದದ್ದು ದಾಖಲಿಸುವವರ ಹೊಣೆ. ಊರವರು ಹೇಳುವ ಕಥೆಯನ್ನು, ಅದು ವ್ಯುತ್ಪತ್ತಿಯಾಗಿ ನಿಲ್ಲದಿದ್ದರೂ, ಕಥೆಯೆಂದೇ ನಮೂದಿಸಿ ಬೇರೆ ಅಂಕಣದಲ್ಲಿ ಇಡಬೇಕು. ಎರಡು ಅರ್ಥಗಳು ಸಮಬಲದವಾಗಿದ್ದರೆ ಎರಡನ್ನೂ ಬರೆದು, ಪ್ರತಿಯೊಂದರ ಆಧಾರವನ್ನು ಅದರ ಪಕ್ಕದಲ್ಲೇ ಸೂಚಿಸಬೇಕು.