ಸ್ಕ್ಯಾನ್ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕೋದಕ್ಕೆ

ಹಳೇ ಪುಸ್ತಕಗಳ ಸ್ಕ್ಯಾನ್ ಇಟ್ಕೊಂಡು ಪಿಎಚ್‌ಡಿ ಮಾಡ್ತಿರೋರು ದಯವಿಟ್ಟು ಪುಟಗಟ್ಟಲೆ ಕೂತು ಟೈಪ್ ಮಾಡ್ಬೇಡಿ. ಬೇಕಾದ ಪುಟ ಮಾತ್ರ ಬೇರೆ ಮಾಡಿ, 2 ಎಂಬಿ ಒಳಗಿರೋ ಹಾಗೆ ಗೂಗಲ್ ಡ್ರೈವ್‌ಗೆ ಹಾಕಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ಓಪನ್ ಮಾಡಿದ್ರೆ ಅಕ್ಷರ ಎಲ್ಲಾ ಟೆಕ್ಸ್ಟ್ ಆಗಿ ಬರುತ್ತೆ, ಕನ್ನಡಾನೂ ಓದುತ್ತೆ, ಆಮೇಲೆ ಯಾವ ಪದ ಬೇಕಾದ್ರೂ ಹುಡುಕಬಹುದು. ಹಳಗನ್ನಡ ಆದ್ರೆ ಮಾತ್ರ ೞ, ಱ (ಈಗ ಬಳಕೆಯಲ್ಲಿಲ್ಲದ ಹಳೇ ಅಕ್ಷರಗಳು, ಗೂಗಲ್ ಇವನ್ನ ಳ, ರ ಅಂತ ತಪ್ಪಾಗಿ ಓದಬಹುದು) ಇರೋ ಪದಗಳನ್ನ ಒಂದೊಂದಾಗಿ ಮೂಲದ ಜೊತೆ ತಾಳೆ ನೋಡ್ಲೇಬೇಕು, ಯಾಕಂದ್ರೆ ಆೞ್ ಅಂದ್ರೆ ಮುಳುಗು, ಆಳ್ ಅಂದ್ರೆ ಆಳ್ವಿಕೆ ಮಾಡು, ಒಂದಕ್ಷರ ತಪ್ಪಿದ್ರೂ ಪದ್ಯದ ಅರ್ಥಾನೇ ಕೆಡುತ್ತೆ. ಸಂಶಯ ಬಂದ್ರೆ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ನೋಡಿ. ವಚನಗಳಿಗೆ ಇಷ್ಟೆಲ್ಲಾ ಬೇಡ, ವಚನ ಸಂಚಯ ಅನ್ನೋ ವೆಬ್‌ಸೈಟ್‌ನಲ್ಲಿ ಪದ ಹಾಕಿದ್ರೆ ಸಾಕು. ಸಿಕ್ಕಿದ್ದನ್ನ ಆಗಿಂದಾಗ್ಲೇ ಪುಟಸಂಖ್ಯೆ ಸಮೇತ ಜೊಟೆರೋದಲ್ಲಿ (ಆಕರಗಳನ್ನ ಜೋಡಿಸಿಡೋ ಸಾಫ್ಟ್‌ವೇರ್, Zotero) ಸೇವ್ ಮಾಡ್ಕೊಳ್ಳಿ, ಅದು ಫ್ರೀ.