ಮಲ್ನಾಡಲ್ಲಿ ಸ್ವಂತ ಉದ್ಯೋಗ ಮಾಡ್ಬೇಕಾ? ಮೊದ್ಲು ದಾಕ್ಷಿಣ್ಯ ಬಿಡೋದು ಕಲೀರಿ

ಬಿಸಿನೆಸ್ ಮಾಡೋರಿಗೆ ಏನ್ ಗುಣ ಬೇಕು ಅಂದ್ರೆ ಎಲ್ರೂ ಧೈರ್ಯ, ಛಲ, ಹೊಸ ಐಡಿಯಾ ಅಂತಾರೆ. ಇರ್ಲಿ, ಬೇಡ ಅನ್ನಲ್ಲ. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಉಪ್ಪಿನಕಾಯಿ, ಹಪ್ಪಳ, ಅಡಿಕೆ ಹಾಳೆ ತಟ್ಟೆ ಅಂತ ಶುರು ಮಾಡಿ ಒಂದೆರಡು ವರ್ಷಕ್ಕೆ ನಿಲ್ಸಿದೋರನ್ನ ನೋಡಿ, ಧೈರ್ಯನೂ ಇತ್ತು ಕೈರುಚಿನೂ ಇತ್ತು, ರೇಟ್ ಹೇಳಕ್ಕೆ ಬಾಕಿ ಕೇಳಕ್ಕೆ ಬಾಯಿ ಬರ್ಲಿಲ್ಲ ಅಷ್ಟೇ.

ಮೊದ್ಲು ರೇಟ್ ವಿಷ್ಯ. ಹಲಸಿನ ಹಪ್ಪಳನೇ ತಗಳಿ. ಹಲಸು ಮನೇದು, ಸೌದೆ ಮನೇದು, ಒತ್ತೋರು ಅತ್ತೆ ಸೊಸೆ, ಹಂಗಾಗಿ ಖರ್ಚೇ ಇಲ್ಲ ಅಂದ್ಕೊಂಡು ಬಾಯಿಗೆ ಬಂದ ರೇಟ್ ಹೇಳ್ಬಿಡ್ತಾರೆ. ಒಂದ್ ಲೆಕ್ಕ ಹಾಕಿ ನೋಡಿ: ಇಬ್ರು ಇಡೀ ದಿನ ಕೂತು 400 ಹಪ್ಪಳ ಒತ್ತಿದ್ರು, ಒಬ್ರಿಗೆ ಕೂಲಿ 450 ಅಂತ ಇಟ್ಕಳಿ, ಇಬ್ರಿಗೆ 900, ಅಂದ್ರೆ ಒಂದು ಹಪ್ಪಳಕ್ಕೆ ಕೂಲಿನೇ ಎರಡೂಕಾಲು ರೂಪಾಯಿ ಬಿತ್ತು, 25ರ ಪ್ಯಾಕೆಟ್‌ಗೆ 56 ರೂಪಾಯಿ ಮೇಲೆ, ಇನ್ನೂ ಮೆಣಸು, ಉಪ್ಪು, ಕವರ್, ಒಡೆದು ಹೋಗಿದ್ದು, ಬಸ್ಸಿಗೆ ಹಾಕಿ ಕಳ್ಸಿದ್ದು ಯಾವ್ದೂ ಸೇರಿಲ್ಲ. ಮನೆಯವ್ರ ಕೂಲಿ ಬರ್ಕಳದೇ ಇದ್ರೆ ನಾಳೆ ಆರ್ಡರ್ ಜಾಸ್ತಿ ಆಗಿ ಆಳು ಕರೆದ ದಿನಾನೇ ನಷ್ಟ ಶುರುವಾಗತ್ತೆ.

ಅಂಗಡಿಗೆ ಕೊಡೋವಾಗ ಇನ್ನೊಂದು ಕಡೆ ಎಡವ್ತಾರೆ. ಅಂಗಡಿಯವ್ರು 20 ಪರ್ಸೆಂಟ್ ಕಮಿಷನ್ ಅಂದ್ರೆ ಸಾಮಾನ್ಯವಾಗಿ ಅದು ಎಂಆರ್‌ಪಿ ಮೇಲೆ. ನಿಮ್ಗೆ 100 ರೂಪಾಯಿ ಕೈಗೆ ಬರ್ಬೇಕು ಅಂದ್ರೆ ಎಂಆರ್‌ಪಿ 125 ಹಾಕ್ಬೇಕು, 120 ಹಾಕಿದ್ರೆ ನಿಮ್ಗೆ ಬರೋದು 96.

ಇನ್ನು ಬಾಕಿ. ನಮ್ಮ ಕಡೆ ಬಹಳ ಜನ್ರ ಕೈಲಿ ದುಡ್ಡು ಓಡಾಡೋದೇ ಅಡಿಕೆ ಮಾರಿದ ಮೇಲೆ, "ಕೊನೆಕೊಯ್ಲು ಮುಗೀಲಿ", "ಮಂಡಿಗೆ ಹಾಕಿದ್ಮೇಲೆ ಕೊಡ್ತೀನಿ" ಅನ್ನೋದು ಸುಳ್ಳೇನಲ್ಲ, ನಿಜ್ವಾಗ್ಲೂ ಆವಾಗ್ಲೇ ಕೊಡ್ತಾರೆ. ಆದ್ರೆ ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿ ಹಾಕೋ ಮಾವಿನ ಮಿಡಿ, ಕೊಳ್ಳೋದು ಮಾರ್ಚ್ ಏಪ್ರಿಲ್ ಹೊತ್ತಿಗೆ, ಅದೂ ಎಣಿಸಿ ಮಿಡಿ ಲೆಕ್ಕದಲ್ಲಿ, ಮರ ಹತ್ತಿ ಕೊಯ್ದೋರು ಕೈಗೆ ಕಾಸು ಕೇಳ್ತಾರೆ. ಹಂಗೆ ಮಿಡಿಗೆ ಹಾಕಿದ ದುಡ್ಡು ಉಪ್ಪಿನಕಾಯಿ ಮಾರಿದಂಗೆ ಡಬ್ಬಿ ಡಬ್ಬಿಯಾಗಿ ವರ್ಷಪೂರ್ತಿ ವಾಪಸ್ ಬರತ್ತೆ. ಹಂಗಾಗಿ ಯಾರಿಗೆ ಸಾಲ, ಎಷ್ಟರ ತನಕ ಅಂತ ಮೊದ್ಲೇ ತೀರ್ಮಾನ ಮಾಡಿ, ಹೊಸ ಮಾಲು ಇಳ್ಸೋ ಮುಂಚೆನೇ "ಅಣ್ಣಾ, ಹೋದ್ಸಲದ್ದು ಕೊಟ್ಬಿಡಿ, ಇದನ್ನ ಇಳ್ಸ್ತೀನಿ" ಅನ್ನಿ. ನಗ್ತಾ ಹೇಳಿದ್ರೆ ಯಾರೂ ಮುನಿಸ್ಕಳಲ್ಲ. ನೆಂಟ್ರ ಹತ್ರ ಇದು ಕಷ್ಟ ಮಾರಾಯ್ರೆ, ಅದಕ್ಕೇ ಅವ್ರಿಗೆ ಸ್ಯಾಂಪಲ್ ಅಂತ ಒಂದ್ಸಲ ಸುಮ್ನೆ ಕೊಟ್ಟು, ಎರಡ್ನೇ ಸಲದಿಂದ ರೇಟ್ ಹೇಳಿ.

ಮನೆ ಖರ್ಚು ಬೇರೆ, ಉದ್ಯೋಗದ ಖಾತೆ ಬೇರೆ. ಇದಕ್ಕೆ ವಿವರಣೆ ಬೇಡ.

ಮಳೆ ನೋಡ್ಕಂಡು ಪ್ಲಾನ್ ಮಾಡೋ ಬುದ್ಧಿನೂ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ನಂಬಂಗಿಲ್ಲ, ಕರೆಂಟೂ ನಂಬಂಗಿಲ್ಲ, ಪ್ಯಾಕ್ ಸರಿ ಇಲ್ದಿದ್ರೆ ಬೂಷ್ಟು ಗ್ಯಾರಂಟಿ. ಬೇಸ್ಗೆಲಿ ಮಾಡಿದ ಹಪ್ಪಳ ದೀಪಾವಳಿ ತನಕ ಮಾರೋಕೆ ಸಾಕಾಗ್ಬೇಕು, ಅದನ್ನ ಇಡಕ್ಕೆ ಥಂಡಿ ಹತ್ತದ ಜಾಗ ಇದ್ಯಾ ಅಂತ ನೋಡದೇ ಮೆಷಿನ್ ತರ್ಬೇಡಿ. ರುಚಿನೂ ಪ್ರತಿ ಸಲ ಒಂದೇ ಥರ ಬರ್ಬೇಕು, ಕೈ ಅಂದಾಜು ಮನೆಗೆ ಸರಿ, ಮಾರೋದಕ್ಕೆ ತೂಕದ ತಕ್ಕಡಿ ಇಟ್ಕಳಿ. ಉಪ್ಪೆಷ್ಟು ಖಾರ ಎಷ್ಟು ಅಂತ ಗ್ರಾಂ ಲೆಕ್ಕದಲ್ಲಿ ಬರೆದಿಡಿ, ಇಲ್ದಿದ್ರೆ ನೀವು ಮದ್ವೆ ಮನೆಗೆ ಹೋದ ದಿನ ಕೆಲ್ಸ ನಿಲ್ಲತ್ತೆ.

ಕಾಗದಪತ್ರ ಅಂದ್ರೆ ಹೆದರೋರು ಜಾಸ್ತಿ, ಅಂಥದ್ದೇನಿಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸ್ರು ಬರ್ಸೋ ಉದ್ಯಮ್ ನೋಂದಣಿ 2020ರ ಜುಲೈಯಿಂದ ಇದೆ, ಆಧಾರ್, ಪ್ಯಾನ್ ಇದ್ರೆ ಆನ್‌ಲೈನಲ್ಲಿ ಆಗತ್ತೆ, ಪೂರ್ತಿ ಫ್ರೀ, ಸರ್ಕಾರಿ ಫೀಸು ಅಂತ ಯಾರಾದ್ರೂ ಕೇಳಿದ್ರೆ ಕೊಡ್ಬೇಡಿ. ತಿನ್ನೋ ವಸ್ತು ಆದ್ರೆ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಅವ್ರ ನೋಂದಣಿ ಬೇಕೇ ಬೇಕು, ಲೇಬಲ್ ಮೇಲೆ ಆ ನಂಬರ್, ಏನೇನು ಹಾಕಿದೀರಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ಬೇಕು, ಎಂಆರ್‌ಪಿ, ವಿಳಾಸ, ಸಸ್ಯಾಹಾರಿ ಆದ್ರೆ ಹಸಿರು ಗುರುತು.

ಸಾಲದ ವಿಷ್ಯದಲ್ಲಿ ಸಬ್ಸಿಡಿ ಆಸೆಗೆ ದೊಡ್ಡ ಪ್ರಾಜೆಕ್ಟ್ ಬರ್ಸೋರನ್ನ ಕಂಡ್ರೆ ನಂಗೆ ಭಯ. ಸ್ವಂತ ಉದ್ಯೋಗಕ್ಕೆ ಸಾಲ, ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ ಪಿಎಂಇಜಿಪಿಲಿ ಹಳ್ಳಿಲಿರೋ ಹೆಂಗಸ್ರಿಗೆ 35 ಪರ್ಸೆಂಟ್ ತನಕ ಸಬ್ಸಿಡಿ ಅನ್ನೋದು ನಿಜ, ಆದ್ರೆ ಅದು ಕೈಗೆ ಬರಲ್ಲ, ಬ್ಯಾಂಕಲ್ಲಿ ನಿಮ್ಮ ಹೆಸ್ರಲ್ಲಿ ಮೂರು ವರ್ಷ ಇದ್ದು, ಉದ್ಯೋಗ ನಡೀತಾ ಇದ್ರೆ ಆಮೇಲೆ ಸಾಲಕ್ಕೆ ಜಮಾ ಆಗತ್ತೆ. ಅಲ್ಲಿ ತನಕ ಕಂತು ಕಟ್ಟೋರು ನೀವೇ. ಅದಕ್ಕೆ ಮೊದ್ಲು ಒಂದು ಸೀಸನ್ ಮನೆ ಒಲೆ ಮೇಲೇ ಮಾಡಿ, ಪರಿಚಯ ಇಲ್ದೇ ಇರೋರು ಎರಡನೇ ಸಲ ಬಂದು ತಗಂಡ್ರಾ ನೋಡಿ, ಆಮೇಲೆ ಬ್ಯಾಂಕ್ ಮೆಟ್ಲು ಹತ್ತಿ.

ಈ ಲೆಕ್ಕಾಚಾರ, ಮಾತಾಡೋದು ಎಲ್ಲ ಹುಟ್ಟಿಂದನೇ ಬರ್ಬೇಕು ಅಂತೇನಿಲ್ಲ, ಹೇಳ್ಕೊಡೋರಿದಾರೆ. 1982ರಲ್ಲಿ ಉಜಿರೆಲಿ ರುಡ್‌ಸೆಟಿ ಅಂತ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರುವಾಯ್ತಲ್ಲ, ಅದೇ ಮಾದರೀಲಿ ಈಗ ಜಿಲ್ಲೆಗೊಂದು ಆರ್‌ಸೆಟಿ ಇದೆ, ಶಿವಮೊಗ್ಗ ಜಿಲ್ಲೇಲೂ ಇದೆ, ಬ್ಯಾಂಕ್‌ನವ್ರೇ ನಡ್ಸೋದು, ತರಬೇತಿ, ಊಟ, ವಸತಿ ಎಲ್ಲ ಫ್ರೀ. ಯಾವ ಬ್ಯಾಚ್ ಯಾವಾಗ ಅಂತ ಫೋನ್ ಮಾಡಿ ಕೇಳಿ, ಮಳೆಗಾಲದಲ್ಲಿ ಸಿಕ್ರೆ ಆವಾಗ್ಲೇ ಹೋಗ್ಬನ್ನಿ, ಹಪ್ಪಳ ಒಣಗ್ಸೋ ಕೆಲ್ಸ ಹೆಂಗೂ ಇರಲ್ಲ.