ಬೇಸ್ ತಂತಿಯ ಗೇಜ್ ಹಿಡಿಯಲು ಚಿನ್ನದ ತಕ್ಕಡಿ

ಹಳೆ ಬೇಸ್ ಗಿಟಾರ್ ಸೆಟಪ್‌ಗೆ (ತಂತಿ ಬದಲಿಸಿ ನುಡಿಸಲು ಹದಗೊಳಿಸುವ ಕೆಲಸಕ್ಕೆ) ಬಂದರೆ ಅದರ ತಂತಿಗಳ ಪ್ಯಾಕೆಟ್ ಯಾರ ಹತ್ತಿರವೂ ಇರುವುದಿಲ್ಲ. "ಇದೇ ಗೇಜ್ ಹಾಕಿ, ಕೈಗೆ ಇದೇ ಒಗ್ಗಿದೆ" ಅನ್ನುತ್ತಾರೆ. ಗೇಜ್ ಅಂದರೆ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿ 100ರದ್ದೋ 105ರದ್ದೋ ಅನ್ನುವಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಒಂದು 2.54 ಮಿ.ಮೀ., ಇನ್ನೊಂದು 2.67.

ಇಷ್ಟು ಸಣ್ಣ ಅಂತರ ಹಿಡಿಯಲು ನಾನು ಸುರಿದ ದುಡ್ಡು ಕಡಿಮೆಯಲ್ಲ. ಮೊದಲು ದಪ್ಪ ಅಳೆಯಲು ಇನ್ನೂರು ಚಿಲ್ಲರೆಯ ಪ್ಲಾಸ್ಟಿಕ್ ಕ್ಯಾಲಿಪರ್, ಒತ್ತಿದಷ್ಟೂ ಬಾಗುತ್ತದೆ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಟುನೂರರ ಆಸುಪಾಸಿಗೆ ಸ್ಟೀಲಿನ ಡಿಜಿಟಲ್. ಅದೂ ಸಾಲದೆ ಎರಡು ಸಾವಿರದಷ್ಟು ಕೊಟ್ಟು ಮೈಕ್ರೋಮೀಟರ್. ಉಪಕರಣ ಸರಿಯಿದ್ದರೂ ಹಳೆ ತಂತಿ ಬಿಡಬೇಕಲ್ಲ! ರೌಂಡ್‌ವೂಂಡ್ (ಮೇಲೆ ದುಂಡನೆಯ ತೆಳು ತಂತಿ ಸುತ್ತಿದ್ದು) ಆದರೆ ಕ್ಯಾಲಿಪರ್‌ನ ತೆಳು ಅಂಚು ಸುತ್ತುಗಳ ಸಂದಿಗೆ ಇಳಿಯುತ್ತದೆ. ಫ್ರೆಟ್ (ನೆಕ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ತಾಗುವ ಕಡೆ ತಂತಿಯ ಕೆಳಮೈ ಸವೆದಿರುತ್ತದೆ. ಕೊಳೆ ಬೇರೆ ಮೆತ್ತಿಕೊಂಡಿರುತ್ತದೆ. ಒಂದೇ ಇ ತಂತಿ ಒಂದು ಕಡೆ 2.5, ಇನ್ನೊಂದು ಕಡೆ 2.65 ತೋರಿಸಿದ ಮೇಲೆ ಯಾವುದನ್ನು ನಂಬುವುದು? ಎರಡು ಸಾವಿರದ ಮೇಲಿನ ಸೆಟ್ ತರಿಸಿ ಹಾಕಿದ ಮೇಲೆ ದಪ್ಪ ಹೆಚ್ಚಾಯಿತೆಂದರೆ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಸೀಳು ಪಟ್ಟಿ) ಉಜ್ಜಬೇಕು, ತಂತಿಯ ಬಿಗಿಗೆ ನೆಕ್ ಬಾಗುತ್ತದೆ, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರುವ ಹೊಂದಿಕೆ) ಮತ್ತೆ ಮೊದಲಿಂದ.

ಕಳಚಿದ ತಂತಿ ಹೇಗೂ ಕಸಕ್ಕೆ ಹೋಗುವಂಥದ್ದು, ಅದನ್ನು ತುಂಡು ಮಾಡಿ ತೂಗಿದರೆ ಹೇಗೆ ಅನ್ನಿಸಿತು. ಜೊತೆಯ ಸೆಟಪ್ ಗೆಳೆಯರು, "ಏನ್ ಗುರು, ತಂತಿಗೂ ಮೇಕಿಂಗ್ ಚಾರ್ಜ್ ಹಾಕ್ತೀಯಾ?" ಅಂದರು. ನಾನೂರು ರೂಪಾಯಿಗೆ ಸಿಕ್ಕ, 0.01 ಗ್ರಾಂ ತನಕ ತೋರಿಸುವ ಚಿನ್ನದ ತಕ್ಕಡಿ ಅವರಿಗೆಲ್ಲ ಉತ್ತರ ಕೊಟ್ಟಿದೆ. ದಪ್ಪ ನೂರಕ್ಕೆ ಐದು ಹೆಚ್ಚಿದರೆ ತೂಕ ನೂರಕ್ಕೆ ಹತ್ತು ಹೆಚ್ಚುತ್ತದೆ. ಕ್ಯಾಲಿಪರ್‌ನಲ್ಲಿ ತಡಕಾಡಬೇಕಾದದ್ದು ತಕ್ಕಡಿಯಲ್ಲಿ ಎದ್ದು ಕಾಣುತ್ತದೆ.

ಪ್ಯಾಕೆಟ್ ಸಮೇತ ಸಿಕ್ಕ ತಂತಿಗಳನ್ನು ತೂಗಿ ನನ್ನದೇ ಪಟ್ಟಿ ಮಾಡಿಕೊಂಡೆ. ನಿಕಲ್ ಲೇಪದ ರೌಂಡ್‌ವೂಂಡ್‌ಗೆ, ಹತ್ತು ಸೆಂಟಿಮೀಟರ್ ತುಂಡಿಗೆ, ನೆನಪಿನಿಂದ ಹೇಳುವುದಾದರೆ: 45ಕ್ಕೆ 0.67 ಗ್ರಾಂ, 65ಕ್ಕೆ 1.4, 80ಕ್ಕೆ 2.1, 100ಕ್ಕೆ 3.2, 105ಕ್ಕೆ 3.5ರ ಹತ್ತಿರ. ತುಂಡು ಎರಡು ಫ್ರೆಟ್‌ಗಳ ನಡುವಿನ ಭಾಗದ್ದಾಗಿರದೆ, ಕೊನೆಯ ಫ್ರೆಟ್ಟಿಗೂ ಬ್ರಿಡ್ಜಿಗೂ (ಗಿಟಾರಿನ ಮೈಮೇಲೆ ತಂತಿ ಸಿಕ್ಕಿಸುವ ಭಾಗ) ನಡುವಿನದ್ದಾಗಿರಲಿ; ಅಲ್ಲಿ ಸವೆತ ಇರುವುದಿಲ್ಲ. ರೇಷ್ಮೆ ಸುತ್ತಿದ ತುದಿ ಬೇಡವೇ ಬೇಡ. ಕತ್ತರಿಸುವ ಕಡೆ ಮೊದಲು ಮಡಚಿ, ಇಲ್ಲದಿದ್ದರೆ ರೌಂಡ್ ಕೋರ್ (ಒಳ ಎಳೆ ದುಂಡಗಿರುವ) ತಂತಿಯ ಸುತ್ತು ಬಿಚ್ಚಿಕೊಂಡು ಲೆಕ್ಕವೆಲ್ಲ ಹಾಳು. ತುಂಡಿನ ಉದ್ದವನ್ನು ಮಾತ್ರ ಕ್ಯಾಲಿಪರ್‌ನಲ್ಲೇ ಅಳೆಯಿರಿ. ತುದಿ ಬಿಚ್ಚದ ಹಾಗೆ ಹಿಡಿಯಲು ನನ್ನದೊಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

ಇತ್ತೀಚೆಗೆ ಬಂದ ಒಂದು ಹಳೆ ಜಾಝ್ ಬೇಸ್‌ಗೆ (ಬೇಸ್ ಗಿಟಾರಿನ ಒಂದು ಮಾದರಿ) ಅಂಗಡಿಯೊಂದರಲ್ಲಿ 45-105 ಎಂದು ಹೇಳಿ ಕಳಿಸಿದ್ದರಂತೆ. ತೂಗಿದರೆ ಇ ತಂತಿಯ ತುಂಡು 3.2 ಗ್ರಾಂ. ಎ, ಡಿ, ಜಿ ಮೂರೂ ನನ್ನ ಪಟ್ಟಿಗೆ ಸರಿಯಾಗಿ ಕೂತವು: 45-65-80-100. ಉಳಿದ ಮೂರು ತೆಳು ತಂತಿ ನೋಡಿ ಇ ತಂತಿಯನ್ನು ಊಹಿಸಬೇಡಿ. ರೋಟೋಸೌಂಡ್ ಕಂಪನಿಯ ಸ್ವಿಂಗ್ ಬೇಸ್ ತಂತಿಗಳಲ್ಲಿ 45-65-80-105 ಸೆಟ್ ಇದೆ. ಹೊಸ ಸೆಟ್ ಹಾಕಿ ಶ್ರುತಿ ಮಾಡಿದಾಗ ಟ್ರಸ್ ರಾಡ್ (ನೆಕ್ ಬಾಗು ಸರಿಪಡಿಸುವ ಒಳಗಿನ ಸರಳು) ಮುಟ್ಟಬೇಕಾಗಲಿಲ್ಲ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಕೂದಲೆಳೆಯಷ್ಟೂ ಸರಿಸಲಿಲ್ಲ. ಗೇಜ್ ಸರಿ ಅನ್ನಲು ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ತಕ್ಕಡಿ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಹಳೆ ಇ ತಂತಿಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ ಮತ್ತೆ ತೂಗಿದೆ. ಇಳಿದದ್ದು ಒಂದೆರಡು ಸೆಂಟಿಗ್ರಾಂ ಅಷ್ಟೆ, ಆದರೆ ಮಂಕಾಗಿದ್ದ ದನಿ ತೆರೆದುಕೊಂಡಿತು. ಗೇಜ್ ಲೆಕ್ಕಕ್ಕೆ ಕೊಳೆ ಅಡ್ಡ ಬರುವುದಿಲ್ಲ ಅನ್ನುವುದೂ ಗೊತ್ತಾಯಿತು.

ಈ ಪಟ್ಟಿ ಫ್ಲಾಟ್‌ವೂಂಡ್‌ಗೆ (ಚಪ್ಪಟೆ ಪಟ್ಟಿ ಸುತ್ತಿದ ತಂತಿಗೆ) ನಡೆಯುವುದಿಲ್ಲ. ಸುತ್ತುಗಳ ನಡುವೆ ಖಾಲಿ ಜಾಗ ಕಡಿಮೆ, ಹಾಗಾಗಿ ಅದೇ ದಪ್ಪಕ್ಕೆ ತೂಕ ಜಾಸ್ತಿ. ಶುದ್ಧ ನಿಕಲ್ ಸುತ್ತಿನದ್ದೂ ಸ್ಟೀಲಿಗಿಂತ ಭಾರ. ಫ್ಲಾಟ್ ಆದರೆ ಕ್ಯಾಲಿಪರ್ರೇ ಸಾಕು, ಮೈ ನುಣುಪಾಗಿರುವುದರಿಂದ ಅಳತೆ ನಿಲ್ಲುತ್ತದೆ. ಐದು ತಂತಿಯ ಬೇಸ್‌ನ ಬಿ ತಂತಿಗೆ ಬ್ರಿಡ್ಜ್ ಕಡೆ ಟೇಪರ್ ಇದ್ದರೆ (ತುದಿ ತೆಳುವಾಗಿದ್ದರೆ), ಪೂರ್ತಿ ದಪ್ಪ ಶುರುವಾದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ.